108ಕ್ಕೆ ಫೋನ್ ಹೋಗದಿದ್ದಾಗ

ಮಲೆನಾಡಿನ ಒಂಟಿಮನೆಗಳಿಂದ ಆಂಬುಲೆನ್ಸ್‌ಗೆ ಫೋನ್ ಹೋಗದಿದ್ದರೆ ಎಲ್ಲರೂ ಹೇಳುವುದು ‘ನೆಟ್‌ವರ್ಕ್ ಇಲ್ಲ’ ಅಂತ. ಆದರೆ ಆ ಒಂದು ಮಾತಿನೊಳಗೆ ನಾಲ್ಕೈದು ಬೇರೆಬೇರೆ ತೊಂದರೆಗಳಿವೆ. ಒಂದಕ್ಕಿರುವ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ.

ಪರದೆಯ ಮೇಲೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿದ್ದರೆ, ನಿಮ್ಮ ಕಂಪನಿಯ ಟವರ್ ಸಿಗುತ್ತಿಲ್ಲ, ಬೇರೆ ಕಂಪನಿಯದು ಸಿಗುತ್ತಿದೆ ಎಂದರ್ಥ. ಆಗ 112 ಒತ್ತಿ. ಅದು ತುರ್ತು ಸಂಖ್ಯೆ ಎಂಬುದು ಫೋನಿಗೇ ಗೊತ್ತಿರುವುದರಿಂದ ಸಿಕ್ಕಿದ ಟವರ್ ಹಿಡಿದು ಹೋಗುತ್ತದೆ. 108 ಬಹುತೇಕ ಫೋನುಗಳಿಗೆ ಮಾಮೂಲಿ ನಂಬರ್. ಈ ಸ್ಥಿತಿಯಲ್ಲಿ ಎಷ್ಟು ಸಲ ಒತ್ತಿದರೂ ಹೋಗುವುದು ಕಷ್ಟ. ಬರೀ ‘ನೋ ಸರ್ವಿಸ್’ ಎಂದಿದ್ದರೆ ಒತ್ತುತ್ತಾ ಕೂರಬೇಡಿ, ಗುಡ್ಡ ಹತ್ತಿ.

ಹಳೆಯ 2ಜಿ ಕೀಪ್ಯಾಡ್ ಫೋನಿನ ಕತೆಯೇ ಬೇರೆ. ಜಿಯೋಗೆ 2ಜಿ ಇಲ್ಲವೇ ಇಲ್ಲ. ಹಾಗಾಗಿ ಜಿಯೋ ಟವರ್ ಮಾತ್ರ ಇರುವ ಊರಿನಲ್ಲಿ ಅಜ್ಜಿಯ ಆ ಫೋನಿಗೆ 112 ಕೂಡ ಸಿಗುವುದಿಲ್ಲ. ಬಿಎಸ್ಎನ್ಎಲ್‌ನ 4ಜಿ 700 ಮೆಗಾಹರ್ಟ್ಸ್‌ನಲ್ಲೂ ಬರುತ್ತದೆ. ಆ ತರಂಗಕ್ಕೆ ‘ಬ್ಯಾಂಡ್ 28’ ಎನ್ನುತ್ತಾರೆ, ಅದು ಇಲ್ಲದ ಫೋನಿಗೆ ಈ ಸಿಗ್ನಲ್ ಕಾಣುವುದೇ ಇಲ್ಲ.

ಟವರ್ ಕಣ್ಣೆದುರೇ ಇದ್ದೂ ಸತ್ತಿರುವುದು ಮಳೆಗಾಲದ ಮಾಮೂಲಿ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಹಾಕುವವರು ಬರಬೇಕು. ಇದಕ್ಕೆಂದೇ ಹಲವರು ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಎರಡೂ ಕಂಪನಿ ಒಂದೇ ಕಂಬದಲ್ಲಿ ಆಂಟೆನಾ ಕಟ್ಟಿದ್ದರೆ ಬ್ಯಾಟರಿ, ಡೀಸೆಲ್ ಕೂಡ ಸಾಮಾನ್ಯವಾಗಿ ಒಂದೇ. ಬೇರೆ ಟವರಿನಿಂದ ಬರುವ ಸಿಮ್ ಆರಿಸಿ.

ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ವಿದ್ಯುತ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮನೆಯಲ್ಲಿ ಕರೆಂಟು ಇಲ್ಲದಿದ್ದರೂ ಮಾತಾಡಬಹುದಿತ್ತು. ಫೈಬರ್ ಲೈನಿನಲ್ಲಿ ಆ ಅನುಕೂಲ ಇಲ್ಲ. ಫೈಬರ್ ಬಂದು ಸೇರುವ ಗೋಡೆಯ ಪೆಟ್ಟಿಗೆ (ಮೋಡೆಮ್) ಆರಿದರೆ ಫೋನೂ ಆರಿತು. ಪೆಟ್ಟಿಗೆಯ ಅಡಾಪ್ಟರ್ 12 ವೋಲ್ಟಿನದಾದರೆ 12 ವೋಲ್ಟ್, 2 ಆಂಪಿಯರಿನ ಮಿನಿ ಯುಪಿಎಸ್ ಸಾಕು. ಹೆಚ್ಚು ಹೊತ್ತು ಬೇಕಿದ್ದರೆ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುವುದು ನೋಡಿ, 10 ವ್ಯಾಟ್ ಎಳೆಯುವ ಪೆಟ್ಟಿಗೆಯನ್ನು ಐದಾರು ಗಂಟೆ ನಡೆಸುತ್ತದೆ. ವೈಫೈ ರೂಟರ್ ಬೇರೆ ಇದ್ದರೆ ಅದಕ್ಕೂ ಕೊಡಿ, ಮೊಬೈಲಿನಲ್ಲಿ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಆನ್ ಮಾಡಿಡಿ. ಆನ್‌ಲೈನಿನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಮಾತ್ರ ಬೇಡ: ಪರವಾನಗಿ ಇಲ್ಲದೆ ಹಾಕುವುದು ಕಾನೂನುಬಾಹಿರ, ಮೇಲಾಗಿ ಟವರಿಗೆ ಗದ್ದಲ ತುಂಬಿ ಅಕ್ಕಪಕ್ಕದವರ ಫೋನೂ ಕೆಡುತ್ತದೆ.

ಮಾತು ತುಂಡಾಗುವಷ್ಟು ದುರ್ಬಲ ಸಿಗ್ನಲ್‌ನಲ್ಲೂ ಎಸ್ಎಂಎಸ್ ಹೋಗುವುದುಂಟು. ಅದನ್ನು ಕಳಿಸಿ ನಿಮ್ಮ ಪರವಾಗಿ 108 ಒತ್ತಲು ಹೇಳಬೇಕಾದದ್ದು ಕರ್ನಾಟಕದೊಳಗೇ ಇರುವ ನೆಂಟರಿಗೆ. ಪುಣೆಯಲ್ಲಿರುವ ಮಗ 108 ಒತ್ತಿದರೆ ಎತ್ತುವವರು ಮಹಾರಾಷ್ಟ್ರದವರು. ಗಡಿಯಲ್ಲಿ ನಿಮಗೂ ಹೀಗಾಗಬಹುದು: ಕಾಸರಗೋಡಿಗೆ ಅಂಟಿದ ಹಳ್ಳಿಗಳಲ್ಲಿ ಫೋನು ಕೇರಳದ ಟವರ್ ಹಿಡಿದರೆ ಕರೆ ಅತ್ತಲೇ ಹೋದೀತು. ಅದಕ್ಕೇ ಮೊದಲು ರಾಜ್ಯ, ಜಿಲ್ಲೆ, ತಾಲ್ಲೂಕು ಹೇಳಬೇಕು, ಆಮೇಲೆ ಪಂಚಾಯಿತಿ, ಊರು. ರೋಗಿಗೆ ಏನಾಗಿದೆ ಎಂಬುದು ಅದರ ನಂತರ.

ಮನೆಯ ಅಕ್ಷಾಂಶ, ರೇಖಾಂಶವನ್ನು ಇವತ್ತೇ ಮ್ಯಾಪಿನಲ್ಲಿ ನೋಡಿ ಬಾಗಿಲ ಪಕ್ಕ ದೊಡ್ಡದಾಗಿ ಬರೆದಿಡಿ. ಬಿಂದುವಿನ ನಂತರ ನಾಲ್ಕು ಅಂಕಿ ಇದ್ದರೆ ಹತ್ತು ಹನ್ನೊಂದು ಮೀಟರಿನೊಳಗೆ ಜಾಗ ಸಿಗುತ್ತದೆ. ಗಾಡಿ ಸಂಕ (ಹಳ್ಳದ ಕಾಲುಸೇತುವೆ) ದಾಟದಿದ್ದರೆ ಮನೆಯದಲ್ಲ, ಗಾಡಿ ನಿಲ್ಲುವ ಜಾಗದ ಅಂಕಿ ಬರೆಯಿರಿ.

ಹೆಚ್ಚು ಜನ ಎಡವುವುದು ಕರೆ ಹೋದ ಮೇಲೆ. ಗುಡ್ಡದ ಮೇಲಿಂದ ಮಾತಾಡಿ ರೋಗಿಯ ಹತ್ತಿರ ಓಡಿಬರುತ್ತಾರೆ. ಇತ್ತ ಡ್ರೈವರ್ ದಾರಿ ಕೇಳಲು ಅದೇ ನಂಬರಿಗೆ ಮಾಡಿದರೆ ನಾಟ್ ರೀಚಬಲ್. ಫೋನ್ ಮಾಡಿದವರು ಗುಡ್ಡದಲ್ಲೇ ಉಳಿಯಬೇಕು. ಆಗದಿದ್ದರೆ ಡಾಂಬರು ರಸ್ತೆಯಲ್ಲಿ ಸಿಗ್ನಲ್ ಸಿಗುವ ಮನೆಯವರ ನಂಬರನ್ನೂ ಮೊದಲ ಕರೆಯಲ್ಲೇ ಕೊಟ್ಟು, ಅವರ ಕೈಗೊಂದು ಟಾರ್ಚ್ ಕೊಟ್ಟು ಕ್ರಾಸಿನಲ್ಲಿ ನಿಲ್ಲಿಸಿ.