ಹಳೆಯ ಐಷಾರಾಮಿ ಫೋರ್ ವೀಲ್ ಡ್ರೈವ್ ಗಾಡಿ: ಕೊಳ್ಳುವುದೋ ಬಿಡುವುದೋ

ಎರಡು ತಿಂಗಳಿಂದ ಮನೆಯಲ್ಲಿ ಇದನ್ನು ಬಿಟ್ಟು ಬೇರೆ ಮಾತಿಲ್ಲ. ಹೊಸದಾಗಿದ್ದಾಗ ನಮ್ಮ ಕೈಗೆ ಎಟುಕುವ ಮಾತೇ ಇರದಿದ್ದ ಗಾಡಿಗಳು, ಹತ್ತು ಹನ್ನೆರಡು ವರ್ಷ ಓಡಿದ ಮೇಲೆ, ಒಂದು ಸಾಧಾರಣ ಹೊಸ ಕಾರಿನ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಚರ್ಮದ ಸೀಟು, ಎಂಟು ಸಿಲಿಂಡರಿನ ಎಂಜಿನ್, ಗುಂಡಿಯಲ್ಲಿ ಇಳಿದದ್ದೇ ತಿಳಿಯದಂಥ ಸಸ್ಪೆನ್ಷನ್, ಇವೆಲ್ಲ ಆ ಬೆಲೆಗೆ ಸಿಗುತ್ತಿರುವಾಗ ಕೈಬಿಡುವುದು ದಡ್ಡತನವೆಂದೇ ಮೊದಲ ವಾರ ಅನ್ನಿಸಿತ್ತು. ಆಮೇಲೆ ಎರಡು ಗಾಡಿಗಳನ್ನು ಕೂಲಂಕಷವಾಗಿ ನೋಡಿದೆ, ನಾನು ನಂಬುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದೆ, ಖರ್ಚಿನ ಲೆಕ್ಕವನ್ನು ಮೂರು ನಾಲ್ಕು ಸಲ ಹಾಕಿ ಅಳಿಸಿದೆ. ಈಗ ಒಂದು ತೀರ್ಮಾನಕ್ಕೆ ಬಂದಿರುವುದರಿಂದ, ಇದೇ ತಾಕಲಾಟದಲ್ಲಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲಿಗೆ ಅಗತ್ಯದ ಮಾತು. ನಾವು ವರ್ಷದಲ್ಲಿ ಹತ್ತಾರು ಸಲ ಹೋಗಿಬರುವ ದಾರಿಯೊಂದರ ಕೊನೆಯ ಆರು ಕಿಲೋಮೀಟರ್ ಕಡಿದಾದ ಮಣ್ಣುದಾರಿ. ಮಳೆ ಬಿದ್ದ ಮೇಲೆ ಮಾಮೂಲಿ ಕಾರು ಅಲ್ಲಿ ಹತ್ತುವುದೇ ಇಲ್ಲ. ಆದ್ದರಿಂದ ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ನಮಗೆ ನಿಜವಾಗಿಯೂ ಬೇಕು. ಆದರೆ ಫೋರ್ ವೀಲ್ ಡ್ರೈವ್ ಎಂಬ ಹೆಸರಿನಡಿ ಮಾರಾಟವಾಗುವ ಎಲ್ಲ ಗಾಡಿಗಳೂ ಒಂದೇ ಜಾತಿಯವಲ್ಲವೆಂಬುದು ಹುಡುಕಾಟದ ಆರಂಭದಲ್ಲಿಯೇ ಗೊತ್ತಾಯಿತು. ರೇಂಜ್ ರೋವರ್ 1970ರಲ್ಲಿ ಬಂದಾಗಿನಿಂದಲೂ ಸದಾ ನಾಲ್ಕೂ ಚಕ್ರಗಳನ್ನು ಓಡಿಸುವ ಗಾಡಿಯಾಗಿಯೇ ಹೆಸರು ಮಾಡಿತು. 1979ರಲ್ಲಿ ಬಂದ ಮರ್ಸಿಡಿಸ್ ಜಿ ಕ್ಲಾಸ್ ಮತ್ತು ಟೊಯೋಟಾದ ದೊಡ್ಡ ಲ್ಯಾಂಡ್ ಕ್ರೂಸರ್‌ಗಳು ಏಣಿಯಾಕಾರದ ಚಾಸಿಯ, ಅಂದರೆ ಉಕ್ಕಿನ ಅಡಿಚೌಕಟ್ಟಿನ, ಮೇಲೆ ಕಟ್ಟಿದವು. ಇವುಗಳಲ್ಲಿ ಲೋ ರೇಂಜ್ ಎಂಬ ಇನ್ನೊಂದು ಗೇರ್ ಜೋಡಿ ಇರುತ್ತದೆ. ಅದನ್ನು ಹಾಕಿದರೆ ಗಾಡಿಯ ವೇಗ ಇಳಿದು, ಚಕ್ರಕ್ಕೆ ಸಿಗುವ ಎಳೆತ ಸುಮಾರು ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. 1999ರಲ್ಲಿ ಬಂದ ಬಿಎಂಡಬ್ಲ್ಯು ಎಕ್ಸ್5ರಲ್ಲಿ ಆ ಗೇರ್ ಜೋಡಿಯೇ ಇಲ್ಲ. ಪೋರ್ಷೆ ಕಯೆನ್ನಿನ ಮೊದಲ ಪೀಳಿಗೆಯಲ್ಲಿತ್ತು, 2010ರ ಎರಡನೆಯ ಪೀಳಿಗೆಯಲ್ಲಿ ತೂಕ ಇಳಿಸುವಾಗ ಅದನ್ನು ತೆಗೆದುಹಾಕಿದರು. ನುಣುಪಾದ ಒದ್ದೆ ರಸ್ತೆಗೆ ಮಾತ್ರ ಗಾಡಿ ಬೇಕೆನ್ನುವವರಿಗೆ ಲೋ ರೇಂಜ್ ಇಲ್ಲದ ಈ ಬಗೆಯೇ ಸಾಕು, ಇನ್ನೂ ಹಗುರ, ಇನ್ನೂ ಚುರುಕು. ನಮ್ಮ ಮಣ್ಣುದಾರಿಗೆ ಮಾತ್ರ ಲೋ ರೇಂಜ್ ಇಲ್ಲದೆ ಆಗುವುದಿಲ್ಲ. ಇಷ್ಟು ತೀರ್ಮಾನವಾದದ್ದೇ ಪಟ್ಟಿಯಲ್ಲಿದ್ದ ಅರ್ಧದಷ್ಟು ಗಾಡಿಗಳು ಹೊರಗೆ ಹೋದವು.

ಹಣದ ವಿಷಯದಲ್ಲಿ ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ಗಾಡಿಯ ಮಾರುಕಟ್ಟೆ ಬೆಲೆ ವರ್ಷದಿಂದ ವರ್ಷಕ್ಕೆ ಬೀಳುತ್ತದೆ, ಆದರೆ ಅದರ ಬಿಡಿಭಾಗದ ಬೆಲೆ ಬೀಳುವುದಿಲ್ಲ. ಅಗ್ಗದಲ್ಲಿ ಕೊಂಡವರಿಗೂ ಹೊಸದಾಗಿ ಕೊಂಡವರಿಗೂ ಬ್ರೇಕ್ ಡಿಸ್ಕ್ ಒಂದೇ ಬೆಲೆಗೆ ಸಿಗುವುದು. ಎರಡೂವರೆ ಟನ್ ತೂಕದ ಗಾಡಿಯ ಡಿಸ್ಕು, ಪ್ಯಾಡು, ಸಸ್ಪೆನ್ಷನ್ ತೋಳುಗಳ ರಬ್ಬರ್ ಬುಷ್ಷು, ಟೈರು ಎಲ್ಲವೂ ದೊಡ್ಡವು, ಎಲ್ಲವೂ ಬೇಗ ಸವೆಯುವಂಥವು. ಅದರ ಮೇಲೆ ಇಂಧನದ ಖರ್ಚು ಬೇರೆ. ಆದ್ದರಿಂದ ನಾನೇ ಒಂದು ನಿಯಮ ಮಾಡಿಕೊಂಡೆ: ಕೊಳ್ಳುವ ಬೆಲೆಯ ಮೂರನೇ ಒಂದು ಭಾಗವನ್ನು ಮೊದಲ ವರ್ಷದ ರಿಪೇರಿಗೆಂದು ಬೇರೆಯೇ ತೆಗೆದಿಡಲು ಸಾಧ್ಯವಾದರೆ ಮಾತ್ರ ಮುಂದುವರಿಯುವುದು, ಇಲ್ಲವಾದರೆ ಅದಕ್ಕಿಂತ ಕಡಿಮೆ ಬೆಲೆಯ ಗಾಡಿಯನ್ನು ನೋಡುವುದು. ಇದ್ದ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿದು, ಮೂರನೆಯ ತಿಂಗಳಲ್ಲಿ ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿಕೊಂಡ ಪರಿಚಯದವರೊಬ್ಬರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಸಂಕಟವೇ ಈ ನಿಯಮಕ್ಕೆ ಕಾರಣ.

ಈಗ ಮೊದಲ ಗಾಡಿಯ ವಿಷಯಕ್ಕೆ ಬರುತ್ತೇನೆ. ಅದರ ತಯಾರಕರ ಹೆಸರು ಇಲ್ಲಿ ಬೇಡ. ಹನ್ನೊಂದು ವರ್ಷದ ಗಾಡಿ, ಕಡುನೀಲಿ ಬಣ್ಣ, ಒಳಗೆ ಕೆನೆ ಬಣ್ಣದ ಚರ್ಮ. ಬಾಗಿಲು ಹಾಕಿದಾಗ ಬರುವ ಗಟ್ಟಿ ಸದ್ದಿಗೇ ಮನಸ್ಸು ಸೋತಿತ್ತು. ಅದರಲ್ಲಿ ಏರ್ ಸಸ್ಪೆನ್ಷನ್ ಇತ್ತು. ಉಕ್ಕಿನ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ರಬ್ಬರಿನ ಗಾಳಿಚೀಲಗಳು, ಅವುಗಳಿಗೆ ಗಾಳಿ ತುಂಬಲು ಒಂದು ಪುಟ್ಟ ಕಂಪ್ರೆಸರ್, ಎತ್ತರವನ್ನು ಅಳೆಯಲು ನಾಲ್ಕೂ ಮೂಲೆಗಳಲ್ಲಿ ಸೆನ್ಸರ್. ರೇಂಜ್ ರೋವರಿನಲ್ಲಿ ಇದು 1992ರ ಹೊತ್ತಿಗೇ ಬಂದಿತ್ತು, ಆಮೇಲೆ ಬೇರೆ ಅನೇಕ ಐಷಾರಾಮಿ ಗಾಡಿಗಳಿಗೂ ಹಬ್ಬಿತು. ಹೊಸದಿದ್ದಾಗ ಇದರಷ್ಟು ಸುಖ ಬೇರೊಂದಿಲ್ಲ. ವರ್ಷ ಕಳೆದಂತೆ ಚೀಲದ ರಬ್ಬರು ಮಡಿಕೆ ಬೀಳುವಲ್ಲಿ ಬಿರುಕು ಬಿಡುತ್ತದೆ, ಗಾಳಿ ಸೋರುತ್ತದೆ, ಸೋರಿದಷ್ಟನ್ನೂ ತುಂಬಿಸಲು ಕಂಪ್ರೆಸರ್ ಮತ್ತೆ ಮತ್ತೆ ಓಡಿ ಕೊನೆಗೆ ಅದೂ ಸುಟ್ಟುಹೋಗುತ್ತದೆ. ಹೀಗೆ ಒಂದು ಚೀಲದ ಬಿರುಕನ್ನು ಅಲಕ್ಷಿಸಿದರೆ ಅದಕ್ಕಿಂತ ದೊಡ್ಡ ಖರ್ಚು ಬೆನ್ನಟ್ಟಿ ಬರುತ್ತದೆ. ಹಳೆಯ ಗಾಡಿಗಳ ಎಷ್ಟೋ ಮಾಲೀಕರು ಬೇಸತ್ತು ಗಾಳಿಚೀಲ ಕಿತ್ತುಹಾಕಿ ಕಾಯಿಲ್ ಸ್ಪ್ರಿಂಗ್ ಹಾಕಿಸಿರುವುದು ಇದೇ ಕಾರಣಕ್ಕೆ.

ಇದನ್ನು ಪರೀಕ್ಷಿಸಲು ದುಬಾರಿ ಉಪಕರಣವೇನೂ ಬೇಕಿಲ್ಲ, ಒಂದು ಅಳತೆ ಟೇಪು ಸಾಕು. ಮಾರುವವರ ಒಪ್ಪಿಗೆ ಪಡೆದು, ಸಂಜೆ ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ನಾಲ್ಕೂ ಚಕ್ರದ ನಡುಬಿಂದುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದುಕೊಂಡೆವು. ಮರುದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ ಮತ್ತೆ ಅಳೆದೆವು. ಕೆಲವು ಗಾಡಿಗಳು ನಿಂತಲ್ಲಿಯೇ ತಮ್ಮ ಮಟ್ಟವನ್ನು ತಾವೇ ಸರಿಪಡಿಸಿಕೊಳ್ಳಲು ಒಂದಿಷ್ಟು ಕೆಳಗಿಳಿಯುತ್ತವೆ, ಆದರೆ ಅದು ನಾಲ್ಕೂ ಮೂಲೆಯಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತದೆ. ಈ ಗಾಡಿಯ ಹಿಂದಿನ ಎಡಮೂಲೆ ಒಂದೇ ರಾತ್ರಿಯಲ್ಲಿ ನಾಲ್ಕು ಸೆಂಟಿಮೀಟರ್ ಕುಸಿದಿತ್ತು, ಉಳಿದ ಮೂರು ಇದ್ದಲ್ಲೇ ಇದ್ದವು. ಎಂಜಿನ್ ಶುರು ಮಾಡಿದ ಮೇಲೆ ಕಂಪ್ರೆಸರ್ ಗೊರಗೊರ ಸದ್ದು ಮಾಡುತ್ತ ಬಹಳ ಹೊತ್ತು ಓಡಿತು.

ಮೆಕ್ಯಾನಿಕ್ ಬಾನೆಟ್ ಎತ್ತಿ ಒಂದು ನಿಮಿಷ ಸುಮ್ಮನೆ ನೋಡಿದರು. "ಇಷ್ಟು ವರ್ಷದ ಗಾಡೀಲಿ ಎಂಜಿನ್ ಇಷ್ಟು ಸ್ವಚ್ಛ ಯಾಕಿದೆ ಅಂತ ಕೇಳಿ ಸಾರ್" ಎಂದರು. ನೀರು ಹೊಡೆದು ತೊಳೆದ ಎಂಜಿನ್ ನೋಡಲು ಚೆಂದ, ಆದರೆ ಆಯಿಲ್ ಎಲ್ಲಿ ಜಿನುಗುತ್ತಿತ್ತೆಂಬ ಸಾಕ್ಷಿಯೂ ಅದರ ಜೊತೆಗೇ ತೊಳೆದುಹೋಗಿರುತ್ತದೆ. ಅನಂತರ ಅವರು ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಚುಚ್ಚಿದರು. ಎಚ್ಚರಿಕೆಯ ಕೋಡ್ ಒಂದೂ ಇರಲಿಲ್ಲ, ಅದನ್ನು ಕಂಡು ನಾನು ಸಮಾಧಾನಪಟ್ಟೆ, ಅವರು ಪಡಲಿಲ್ಲ. ಗಾಡಿಯ ಕಂಪ್ಯೂಟರ್ ತನ್ನ ಹೊಗೆ ನಿಯಂತ್ರಣದ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ 'ಪರೀಕ್ಷೆ ಮುಗಿದಿದೆ' ಎಂದು ಗುರುತು ಹಾಕಿಕೊಳ್ಳುತ್ತದೆಯಂತೆ. ಕೋಡ್‌ಗಳನ್ನು ಯಾರಾದರೂ ಅಳಿಸಿದರೆ ಆ ಗುರುತುಗಳೂ ಅಳಿಸಿಹೋಗಿ, ಮತ್ತೆ ಬೇರೆ ಬೇರೆ ವೇಗದಲ್ಲಿ ಕೆಲವು ದಿನ ಓಡಿಸಿದ ಮೇಲೆಯೇ ಮರಳಿ ಬರುತ್ತವೆ. ದಿನವೂ ಓಡಿಸುತ್ತೇನೆಂದು ಮಾರುವವರು ಹೇಳಿದ ಆ ಗಾಡಿಯಲ್ಲಿ ಹೆಚ್ಚಿನ ಪರೀಕ್ಷೆಗಳು ಅಪೂರ್ಣವೆಂದೇ ತೋರುತ್ತಿದ್ದವು. ಅಂದರೆ ನಾವು ಬರುವ ಸ್ವಲ್ಪ ಮೊದಲು ಯಾರೋ ಎಲ್ಲವನ್ನೂ ಅಳಿಸಿದ್ದರು, ಇಲ್ಲವೇ ಬ್ಯಾಟರಿಯ ತಂತಿ ಬಿಚ್ಚಿದ್ದರು. ಕಾರಣ ಯಾವುದೇ ಇರಲಿ, ಅದನ್ನು ಮಾರುವವರೇ ಬಾಯಿ ಬಿಟ್ಟು ಹೇಳಬೇಕಿತ್ತು.

ಟೈರುಗಳ ವಿಷಯವನ್ನು ನಾನು ಮೊದಲು ಲಘುವಾಗಿ ತೆಗೆದುಕೊಂಡಿದ್ದೆ, ಈಗ ಹಾಗಿಲ್ಲ. ಸದಾ ನಾಲ್ಕೂ ಚಕ್ರ ಓಡುವ ಗಾಡಿಯಲ್ಲಿ ನಾಲ್ಕು ಟೈರುಗಳ ಸುತ್ತಳತೆ ಒಂದೇ ಆಗಿರಬೇಕು. ಎರಡು ಹೊಸದು, ಎರಡು ಸವೆದದ್ದು ಇದ್ದರೆ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ವೇಗದಲ್ಲಿ ತಿರುಗಿ, ಆ ವ್ಯತ್ಯಾಸವನ್ನೆಲ್ಲ ಎಂಜಿನ್ನಿನ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗಿನ ಕ್ಲಚ್ಚೋ, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೋ ಹಗಲಿರುಳು ಹೊರಬೇಕಾಗುತ್ತದೆ. ಟೈರಿನ ಗೋಡೆಯ ಮೇಲೆ ಡಾಟ್ ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ ಅದು 2016ರ 23ನೆಯ ವಾರದಲ್ಲಿ ತಯಾರಾದದ್ದು. ಮೊದಲ ಗಾಡಿಯ ನಾಲ್ಕು ಟೈರುಗಳಲ್ಲಿ ಮೂರು ಬೇರೆ ಬೇರೆ ಇಸವಿಗಳಿದ್ದವು, ಎರಡು ಬೇರೆ ಕಂಪನಿಗಳ ಹೆಸರಿದ್ದವು. ಖಾಲಿ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಸಿದಾಗ, ಡಿಫರೆನ್ಷಿಯಲ್ಲನ್ನು ಬಿಗಿಹಿಡಿಯುವ ಲಾಕ್ ಹಾಕಿರದಿದ್ದರೂ ಗಾಡಿ ತಡೆತಡೆದು ನಡುಗಿತು. ಅಲ್ಲಿಗೆ ನನ್ನ ಮಟ್ಟಿಗೆ ಆ ಗಾಡಿಯ ಕಥೆ ಮುಗಿಯಿತು. ಮನಸ್ಸಿಗೆ ನೋವಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ ಆ ನೀಲಿಯೇ ಕಣ್ಣಲ್ಲಿತ್ತು.

ಮಾದರಿಗೊಂದು ದುರ್ಬಲ ಜಾಗವಿರುತ್ತದೆ, ಅದನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಮೊದಲ ಪೀಳಿಗೆಯ ಕಯೆನ್ನಿನ ಎಂಟು ಸಿಲಿಂಡರ್ ಎಂಜಿನ್ನಿನಲ್ಲಿ ಅದನ್ನು ತಣ್ಣಗಿಡುವ ಕೂಲೆಂಟ್ ದ್ರವ ಹರಿಯುವ ಪ್ಲಾಸ್ಟಿಕ್ ಕೊಳವೆಗಳು ಎಂಜಿನ್ನಿನ ಬಿಸಿಗೆ ವರ್ಷಗಳ ಕಾಲ ಬೆಂದು ಪುಡಿಯಾಗುತ್ತವೆ; ಅಲ್ಯೂಮಿನಿಯಂ ಕೊಳವೆ ಹಾಕಿಸಿದ್ದಾರೆಯೇ ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ಲ್ಯಾಂಡ್ ರೋವರ್ ಡಿಸ್ಕವರಿ 3ರ 2.7 ಲೀಟರ್ ಡೀಸೆಲ್ ಎಂಜಿನ್ನಿಗೆ ಮುಂದೆ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟಿನ ಜೊತೆಗೆ ಹಿಂಬದಿಯಲ್ಲಿ ಇಂಧನ ಪಂಪಿನ ಬೆಲ್ಟೂ ಇದೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತ ಗಾಡಿಗಳು ಉಂಟು. ಎಕ್ಸ್5ರ ಹಲವು ಮಾದರಿಗಳಲ್ಲಿ ಟ್ರಾನ್ಸ್‌ಫರ್ ಕೇಸಿನ ಮೋಟರಿನೊಳಗಿರುವ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಸವೆಯುತ್ತದೆ. ಇನ್ನು ಗೇರ್‌ಬಾಕ್ಸ್ ಆಯಿಲ್ ಗಾಡಿಯ ಆಯುಷ್ಯಪೂರ್ತಿ ಬರುತ್ತದೆ, ಬದಲಿಸುವುದೇ ಬೇಡ ಎಂಬ ಮಾತನ್ನು ಮಾರುವವರಿಂದ ಕೇಳಿದರೆ ದಯವಿಟ್ಟು ನಂಬಬೇಡಿ. ಇಂಥ ಎಷ್ಟೋ ಗಾಡಿಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಆಯಿಲ್ ಬದಲಿಸಲು ಹೇಳುತ್ತದೆ.

ನೀರಿನ ವಿಷಯವನ್ನೂ ಸೇರಿಸುತ್ತೇನೆ. ಸನ್‌ರೂಫಿನ ನೀರು ಇಳಿದುಹೋಗುವ ಸಣ್ಣ ಕೊಳವೆ ಕಸದಿಂದ ಕಟ್ಟಿಕೊಂಡರೆ ನೀರು ಒಳಗಿಳಿದು ಕಾರ್ಪೆಟ್ಟಿನಡಿ ನಿಲ್ಲುತ್ತದೆ, ಎಷ್ಟೋ ಗಾಡಿಗಳ ವೈರಿಂಗು ಮತ್ತು ಕಂಟ್ರೋಲ್ ಯೂನಿಟ್‌ಗಳು ಇರುವುದೂ ಅಲ್ಲೇ. ಕಾರ್ಪೆಟ್ಟಿನ ಅಂಚಿನಡಿ ಕೈ ತೂರಿಸಿ ಒತ್ತಿ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ನೆರೆಯಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ಉಜ್ಜಿದರೂ ಬೆಲ್ಟಿನ ಒಳಸುರುಳಿಯಲ್ಲಿ ಕೆಸರಿನ ಗೆರೆ ಉಳಿದಿರುವುದುಂಟು.

ಎರಡನೆಯ ಗಾಡಿ 2005ರ 100 ಸರಣಿಯ ಲ್ಯಾಂಡ್ ಕ್ರೂಸರ್, 4.7 ಲೀಟರಿನ ಪೆಟ್ರೋಲ್ ಎಂಜಿನ್ನಿನದು. ಓಡೋಮೀಟರ್ 2,60,000 ಕಿಲೋಮೀಟರ್ ದಾಟಿತ್ತು, ಬಾನೆಟ್ಟಿನ ಬಣ್ಣ ಮಂಕಾಗಿತ್ತು, ಚಾಲಕನ ಸೀಟಿನ ಚರ್ಮ ಬದಿಯಲ್ಲಿ ಬಿರಿದಿತ್ತು. ಮುಂದೆ ಸ್ಪ್ರಿಂಗಿನಂತೆ ತಿರುಚಿಕೊಳ್ಳುವ ಉಕ್ಕಿನ ಸರಳು (ಟಾರ್ಷನ್ ಬಾರ್), ಹಿಂದೆ ಕಾಯಿಲ್ ಸ್ಪ್ರಿಂಗ್, ಗಾಳಿಚೀಲದ ಗೊಡವೆಯಿಲ್ಲ. ಚಾಸಿಯ ಹಿಂಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದ ಮೆಕ್ಯಾನಿಕ್‌ಗೆ ಎಲ್ಲೆಡೆ ಗಟ್ಟಿ ಸದ್ದೇ ಕೇಳಿಸಿತು. ತುಕ್ಕು ಮೇಲ್ಪದರದಲ್ಲಷ್ಟೇ ಇತ್ತು. ಎಂಜಿನ್ನಿನ ಕೆಳಗೆ ಒಂದು ಕಡೆ ಆಯಿಲ್ ಜಿನುಗಿದ ಗುರುತು ಇತ್ತು, ಮಾಲೀಕರು ಅದನ್ನು ನಾವು ಕೇಳುವ ಮೊದಲೇ ತೋರಿಸಿದರು.

ಆಮೇಲೆ ಅವರು ಒಳಗಿನಿಂದ ಒಂದು ನೋಟ್‌ಬುಕ್ ತಂದುಕೊಟ್ಟರು. ಉದ್ದ ಗೆರೆಗಳ ಹಳೆಯ ಲೆಕ್ಕದ ಪುಸ್ತಕ, ಮೊದಲ ಪುಟಗಳ ಶಾಯಿ ನೀಲಿ, ಆಮೇಲಿನದು ಕಪ್ಪು. ಪ್ರತಿ ಆಯಿಲ್ ಬದಲಾವಣೆ, ಪ್ರತಿ ಟೈರು, ಗೇರ್‌ಬಾಕ್ಸಿನ ಆಯಿಲ್, ಎರಡೂ ಡಿಫರೆನ್ಷಿಯಲ್ಲಿನ ಆಯಿಲ್, ಟ್ರಾನ್ಸ್‌ಫರ್ ಕೇಸಿನದು, ಎಲ್ಲದರ ಮುಂದೆ ದಿನಾಂಕ ಮತ್ತು ಕಿಲೋಮೀಟರ್, ಹಿಂದಿನ ರಟ್ಟಿಗೆ ಅಂಟಿಸಿದ ಚೀಲದಲ್ಲಿ ಬಿಲ್ಲುಗಳು. ಹತ್ತು ನಮೂದುಗಳನ್ನು ಆರಿಸಿ ಬಿಲ್ಲಿನೊಡನೆ ತಾಳೆ ನೋಡಿದೆ, ಹತ್ತೂ ಹೊಂದಿದವು. ಈ ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು ಒಂದೂವರೆ ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕು. 1,48,000ದಲ್ಲಿ ಬದಲಿಸಿದ ದಾಖಲೆ ಅಲ್ಲಿತ್ತು. ಕಿಲೋಮೀಟರಿನ ಲೆಕ್ಕದಲ್ಲಿ ಇನ್ನೂ ಸಮಯವಿದ್ದರೂ, ಆ ಬೆಲ್ಟಿಗೆ ಹತ್ತು ವರ್ಷ ದಾಟಿದೆ, ರಬ್ಬರಿಗೆ ವಯಸ್ಸಾಗಿದೆ. ಅದನ್ನೂ ವಾಟರ್ ಪಂಪನ್ನೂ ಒಟ್ಟಿಗೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಲು ಕೇಳಿದೆ, ಸ್ವಲ್ಪ ಯೋಚಿಸಿ ಒಪ್ಪಿಕೊಂಡರು.

ಇದು ಮೊದಲ ಗಾಡಿಯಷ್ಟು ನಯವಾಗಿಲ್ಲ, ಅಷ್ಟು ಮೌನವೂ ಅಲ್ಲ, ಪೆಟ್ರೋಲ್ ಕುಡಿಯುವುದರಲ್ಲಿ ಅದಕ್ಕಿಂತ ಮುಂದೆಯೇ ಇದ್ದೀತು. ದಿನವೂ ಇದರಲ್ಲೇ ಓಡಾಡುವುದು ನಮ್ಮಿಂದಾಗದು, ಆದ್ದರಿಂದ ಈಗಿರುವ ಸಣ್ಣ ಕಾರನ್ನು ಮಾರದೆ ಉಳಿಸಿಕೊಳ್ಳುತ್ತೇವೆ. ತೆಗೆದಿಟ್ಟ ಮೂರನೇ ಒಂದು ಭಾಗದಲ್ಲಿ ಬೆಲ್ಟು, ಪಂಪು, ಎಲ್ಲ ಆಯಿಲ್‌ಗಳು ಮತ್ತು ಒಂದೇ ಬಗೆಯ ನಾಲ್ಕು ಹೊಸ ಟೈರುಗಳಿಗೆ ಲೆಕ್ಕ ಹಾಕಿದರೂ ಕೈಯಲ್ಲಿ ಇನ್ನಷ್ಟು ಉಳಿಯುತ್ತದೆ. ನಿನ್ನೆ ಮುಂಗಡ ಕೊಟ್ಟು ಬಂದೆ. ನೋಟ್‌ಬುಕ್ಕಿನಲ್ಲಿ ಇನ್ನೂ ನಲವತ್ತು ಪುಟಗಳು ಖಾಲಿ ಇವೆ. ಗಾಡಿಯ ಜೊತೆಗೆ ಅದನ್ನೂ ಕೊಡುತ್ತೇನೆಂದು ಅವರು ಹೇಳಿದ್ದಾರೆ.