ಇಲ್ಲಿ ಬೆಂಡು ಮುಳುಗಲ್ಲ, ಬಾವುಟ ಏಳುತ್ತದೆ

ತುಂಗೆಯ ದಂಡೆಯಲ್ಲಿ ಎರೆಹುಳು ಸಿಕ್ಕಿಸಿ, ಗಾಳ ಹಾಕಿ, ಬೆಂಡನ್ನೇ ನೋಡುತ್ತಾ ಬೆಳೆದವನು ನಾನು. ಬೆಂಡು ಮುಳುಗಿತು, ಎಳಿ. ನಮಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ. ಅದೇ ಧೈರ್ಯದಲ್ಲಿ ಒಂದು ಜನವರಿ ಶನಿವಾರ ಆಫೀಸಿನ ಗೆಳೆಯನ ಜೊತೆ ಅಮೆರಿಕದ ಮಿನಿಯಾಪೊಲಿಸ್‌ನಿಂದ ಎರಡು ಗಂಟೆ ದೂರ, ಬ್ರೇನರ್ಡ್ ಕಡೆಯ ಹೆಪ್ಪುಗಟ್ಟಿದ ಒಂದು ಕೆರೆಗೆ ಮೀನು ಹಿಡಿಯಲು ಹೋದೆ. ಅವನು ಮಿನೆಸೋಟಾದಲ್ಲೇ ಹುಟ್ಟಿದವನು. ಮೈನಸ್ 18 ಡಿಗ್ರಿಯಲ್ಲಿ ಜಾಕೆಟ್ ಜಿಪ್ ಕೂಡ ಹಾಕಿರಲಿಲ್ಲ.

ಕೆರೆಗೆ ಕಾಲಿಡುವ ಮೊದಲು ಮಂಜುಗಡ್ಡೆಗೆ ತೂತು ಕೊರೆದು ದಪ್ಪ ಅಳೆದ. ಗಟ್ಟಿಯಾದ ಹೊಸ ಮಂಜುಗಡ್ಡೆ ನಾಲ್ಕು ಇಂಚಾದರೂ ಇದ್ದರೆ ನಡೆಯಬಹುದು, ಇಲ್ಲದಿದ್ದರೆ ಮನೆಗೆ ವಾಪಸ್. ಅವತ್ತು ಒಂದಡಿಗಿಂತ ಜಾಸ್ತಿಯೇ ಇತ್ತು. ಆದರೂ ದೂರದಲ್ಲಿ ಮಂಜುಗಡ್ಡೆ ಗುಡುಗಿದ ಹಾಗೆ ಸದ್ದು ಮಾಡಿದಾಗ ನಾನು ನಿಂತಲ್ಲೇ ನಿಂತೆ. ಅವನು ನಕ್ಕ.

ಆಮೇಲೆ ಚೀಲದಿಂದ ಟಿಪ್-ಅಪ್ ತೆಗೆದ. ನೋಡಲು ಏನೂ ಇಲ್ಲ, ತೂತಿನ ಮೇಲೆ ಅಡ್ಡ ಇಡುವ ಒಂದು ಮರದ ಪಟ್ಟಿ. ಅದರ ಕೆಳಗೆ ನೂಲು ಸುತ್ತಿದ ಸ್ಪೂಲ್, ಮೇಲೆ ಬಗ್ಗಿಸಿ ಸಿಕ್ಕಿಸಿದ ಸ್ಪ್ರಿಂಗಿನ ತುದಿಗೆ ಕಿತ್ತಳೆ ಬಾವುಟ. ಮೀನು ಎಳೆದರೆ ಸ್ಪೂಲ್ ತಿರುಗುತ್ತದೆ, ಬಾವುಟ ಹಿಡಿದಿಟ್ಟಿದ್ದ ಕೊಕ್ಕೆ ಜಾರುತ್ತದೆ, ಬಾವುಟ ಚಿಮ್ಮಿ ನಿಲ್ಲುತ್ತದೆ. ಸ್ಪೂಲ್ ನೀರೊಳಗೇ ಇರುವುದರಲ್ಲಿ ಜಾಣತನ ಇದೆ. ಮೇಲಿನ ಗಾಳಿಯಲ್ಲಿದ್ದರೆ ಹೆಪ್ಪುಗಟ್ಟಿ ತಿರುಗುತ್ತಲೇ ಇರಲಿಲ್ಲ. ರಾಡಿಲ್ಲ, ರೀಲಿಲ್ಲ, ಎಳೆಯುವುದು ಕೈಯಲ್ಲೇ. ನಮ್ಮೂರ ಗಾಳದ ನೆನಪಾಗಿ ಸ್ವಲ್ಪ ಹೆಮ್ಮೆಯೂ ಆಯಿತು.

ದಾರದ ತುದಿಗೆ ಭಾರದ ಕ್ಲಿಪ್ ಸಿಕ್ಕಿಸಿ ತಳ ಮುಟ್ಟಿಸಿದ. ಎಂಟಡಿ. ಅಲ್ಲಿಂದ ಮೇಲೆಳೆದು, ಗಾಳದ ಮರಿಮೀನು ಎಲ್ಲಿ ನಿಲ್ಲಬೇಕೋ ಆ ಆಳಕ್ಕೆ ದಾರದಲ್ಲೊಂದು ಪುಟ್ಟ ಬಟನ್ ಸಿಕ್ಕಿಸಿ ಗುರುತಿಟ್ಟ. ಪೈಕ್ ಜೊಂಡಿನ ಅಂಚಲ್ಲಿ ಕಾದು ಕೂರುವ ಮೀನು, ಮೇಲೆ ನೋಡುವುದೇ ಅದರ ರೂಢಿ, ಅದಕ್ಕೇ ಎರೆ ತಳದಿಂದ ಎತ್ತರದಲ್ಲಿರಬೇಕು ಅಂದ. ಅದರ ಹಲ್ಲು ಬ್ಲೇಡಿನ ಹಾಗೆ, ಹಾಗಾಗಿ ತುದಿಗೆ ಉಕ್ಕಿನ ತಂತಿ. ಬೆನ್ನಿನ ರೆಕ್ಕೆಯ ಬಳಿ ಗಾಳ ಸಿಕ್ಕಿಸಿದ ಜೀವಂತ ಮರಿಮೀನು ಕಪ್ಪು ನೀರಿಗೆ ಇಳಿದು ಹೋಯಿತು.

ಆರು ತೂತು ಕೊರೆಯೋಣ ಅಂದೆ. ಆಗಲ್ಲ, ಚಳಿಗಾಲದಲ್ಲಿ ಒಬ್ಬರಿಗೆ ಎರಡೇ ದಾರ ಅಂದ. ಹೋಗಲಿ, ಕಾರಲ್ಲಿ ಕೂತು ಟೀ ಕುಡಿಯೋಣ ಅಂದೆ. ಅದೂ ಆಗಲ್ಲವಂತೆ. ಟಿಪ್-ಅಪ್ ಕಣ್ಣಿಗೆ ಕಾಣಬೇಕು, 200 ಅಡಿಯೊಳಗೆ ಇರಬೇಕು. ಕಾರು ಇದ್ದದ್ದು ದಡದಲ್ಲಿ, ಕಾಲು ಮೈಲಿ ದೂರ. ಯಾರೂ ಇಲ್ಲದ ಕೆರೆಯಲ್ಲಿ ಇದೆಂಥ ರೂಲು ಅಂತ ಗೊಣಗಿದೆ. ಆಮೇಲೆ ಅರ್ಥವಾಯಿತು. ನೋಡುವವರಿಲ್ಲದೆ ಬಿಟ್ಟರೆ ಮೀನು ಗಾಳ ನುಂಗಿ ಒಳಗೇ ಸಾಯುತ್ತದೆ.

ಮೊದಲ ಬಾವುಟ ಎದ್ದಾಗ ಜಾರುತ್ತಾ ಓಡಿದೆ, ದಾರ ಹಿಡಿದು ಜಗ್ಗಿದೆ. ತುಂಗೆಯ ಶಾಸ್ತ್ರ. ಬಂದದ್ದು ಹಲ್ಲಿನ ಗುರುತಿದ್ದ ಮರಿಮೀನು ಮಾತ್ರ. ಪೈಕ್ ಮೊದಲು ಅಡ್ಡಲಾಗಿ ಕಚ್ಚಿ ಓಡುತ್ತದೆ, ನಿಲ್ಲುತ್ತದೆ, ಆಮೇಲೆ ತಲೆಯ ಕಡೆಯಿಂದ ನುಂಗಲು ತಿರುಗಿಸುತ್ತದೆ. ನಾನು ಅದರ ಬಾಯಿಂದ ಊಟ ಕಿತ್ತುಕೊಂಡಿದ್ದೆ, ಅಷ್ಟೇ.

ಎರಡನೇದು ಸುಳ್ಳು. ಗಾಳಿ ಎಬ್ಬಿಸಿದ್ದು. ಬಾವುಟದ ಕೊಕ್ಕೆ ಸಿಕ್ಕಿಸುವ ಕಡ್ಡಿಯಲ್ಲಿ ಒಂದು ಕಡೆ ನುಣುಪು, ಇನ್ನೊಂದು ಕಡೆ ಕಚ್ಚು. ಗಾಳಿಯಿದ್ದರೆ ಕಚ್ಚು ಇರುವ ಕಡೆಗೆ ಸಿಕ್ಕಿಸಬೇಕಿತ್ತು, ನನಗೆ ಹೊಳೆದಿರಲಿಲ್ಲ.

ಮೂರನೇ ಸಲ ನಾನು ಓಡಲಿಲ್ಲ. ಹೆಜ್ಜೆ ಸದ್ದಾಗದ ಹಾಗೆ ನಡೆದು, ಮೊಣಕಾಲೂರಿ, ತೂತಿನ ಮೇಲಿನ ಮಂಜಿನ ಕೆನೆ ಬದಿಗೆ ಸರಿಸಿದೆ. ಸ್ಪೂಲ್ ನಿಧಾನಕ್ಕೆ ತಿರುಗುತ್ತಿತ್ತು, ಯಾರೋ ಕೆಳಗೆ ಕೂತು ನೂಲು ಬಿಚ್ಚುತ್ತಿರುವ ಹಾಗೆ. ನಿಂತಿತು. ಮತ್ತೆ ತಿರುಗಿತು. ಟಿಪ್-ಅಪ್ ಎತ್ತಿ ಪಕ್ಕಕ್ಕಿಟ್ಟೆ, ಸಡಿಲ ದಾರ ಎಳೆದುಕೊಂಡೆ. ಭಾರ ಕೈಗೆ ಸಿಕ್ಕಿತು. ಒಂದೇ ಬಾರಿ ಗಟ್ಟಿಯಾಗಿ ಎಳೆದೆ.

ಆಮೇಲಿನದು ನನ್ನ ಪಾಡು. ಅದು ಓಡಿದಾಗ ದಾರ ಬಿಡಬೇಕು, ನಿಂತಾಗ ಎಳೆಯಬೇಕು, ಎಳೆದ ದಾರ ಕಾಲಡಿಗೆ ಬರದ ಹಾಗೆ ಒಂದೇ ಬದಿಗೆ ಹಾಕಬೇಕು. ನಾನು ಹಾಕಿದ್ದು ಸರಿಯಾಗಿ ಕಾಲಡಿಗೇ. ಬೂಟಿನ ಮುಳ್ಳಿಗೆ ಸಿಕ್ಕಿತು, ಗೆಳೆಯ ಬಿಡಿಸಿದ. ಹಸಿರು ಮೈಯ ಮೇಲೆ ಬಿಳಿ ಚುಕ್ಕೆ, ಬಾತುಕೋಳಿಯ ಮೂತಿ. ಅಳತೆ ಪಟ್ಟಿ ಹಿಡಿದ: 24 ಇಂಚು.

ಮೀನುಸಾರಿಗೆ ಎಷ್ಟು ಜನ ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕುತ್ತಿದ್ದೆ. ಅವನು ತಲೆಯಾಡಿಸಿದ. ಆ ಭಾಗದಲ್ಲಿ 22ರಿಂದ 26 ಇಂಚಿನ ಪೈಕ್ ಇಟ್ಟುಕೊಳ್ಳುವ ಹಾಗಿಲ್ಲ, ದೊಡ್ಡದಾಗಿ ಬೆಳೆಯಲಿ ಅಂತ. ಇನ್ನು ಮೂರು ಇಂಚು ಚಿಕ್ಕದಾಗಿ ಹುಟ್ಟಬಾರದಿತ್ತಾ, ಅಲ್ವಾ?

ಇಕ್ಕಳದಲ್ಲಿ ಗಾಳ ಬಿಡಿಸಿ ತಲೆ ಕೆಳಗಾಗಿ ಇಳಿಸಿದ. ಒಂದು ಕ್ಷಣ ಸುಮ್ನೆ ನಿಂತಿತ್ತು, ಬಾಲ ಬಡಿಯಿತು, ನನ್ನ ಮುಖಕ್ಕೆಲ್ಲ ನೀರು. ಬಕೆಟ್ಟಿಗೆ ಕೈ ಹಾಕಿ ಇನ್ನೊಂದು ಮರಿಮೀನು ಹಿಡಿಯುವಷ್ಟರಲ್ಲಿ, ಬಿಚ್ಚಿಟ್ಟಿದ್ದ ಒದ್ದೆ ಗವಸು ಮಂಜುಗಡ್ಡೆಯ ಮೇಲೆ ಹಪ್ಪಳದ ಹಾಗೆ ಸೆಟೆದು ಕೂತಿತ್ತು.