ಚುಕ್ಕೆ ಆಮೇಲೆ, ಮೊದಲು ಕಾಲು ನೋಡಿ

12 ಅಕ್ಟೋಬರ್ 2024, ಶನಿವಾರ
ರೆಡಿಂಗ್, ಇಂಗ್ಲೆಂಡ್

ಚಳಿ ಶುರುವಾಗಿದೆ. ಮಹಡಿಯ ಕಿಟಕಿಯ ಮೂಲೆಯಲ್ಲಿ ಗುಲಗಂಜಿ ಹುಳುಗಳು ಗುಂಪು ಕಟ್ಟಿಕೊಂಡು ಕೂತಿವೆ. ಕೆಲವು ಕೇಸರಿ, ಕೆಲವು ಕೆಂಪು, ಇನ್ನು ಕೆಲವಕ್ಕೆ ಕಪ್ಪು ಮೈ ಮೇಲೆ ಕೆಂಪು ಚುಕ್ಕೆ. ನೋಡಿದರೆ ಮೂರು ನಾಲ್ಕು ಜಾತಿ ಅನ್ನಬೇಕು. ಆದರೆ ಎಲ್ಲವೂ ಒಂದೇ ಜಾತಿ, ಹಾರ್ಲೆಕ್ವಿನ್ ಲೇಡಿಬರ್ಡ್. ಇದು ಇಲ್ಲಿಯದಲ್ಲ, ಏಷ್ಯಾ ಮೂಲದ್ದು. ಗಿಡಹೇನು ತಿನ್ನಲಿ ಅಂತ ಯುರೋಪಿನ ಕೆಲವು ದೇಶಗಳಲ್ಲಿ ತಂದು ಬಿಟ್ಟಿದ್ದರು. ಬ್ರಿಟನ್ನಿನಲ್ಲಿ ಮೊದಲು ಕಂಡಿದ್ದು 2004ರಲ್ಲಿ, ಎಸೆಕ್ಸ್‌ನಲ್ಲಿ.

ಹುಳು ಸಿಕ್ಕಿದ ಕೂಡಲೇ ಮಗಳು ಚುಕ್ಕೆ ಎಣಿಸುತ್ತಾಳೆ. ಎಲ್ಲ ಮಕ್ಕಳೂ ಹಾಗೇ ಅಲ್ವಾ? ಎಷ್ಟು ಚುಕ್ಕೆಯೋ ಅಷ್ಟು ವಯಸ್ಸು ಅನ್ನುವ ನಂಬಿಕೆ ಇದೆ, ಆದರೆ ಚುಕ್ಕೆ ಲೆಕ್ಕಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಹಾರ್ಲೆಕ್ವಿನ್ ಜಾತಿಯಲ್ಲಂತೂ ಒಂದೂ ಚುಕ್ಕೆ ಇಲ್ಲದವೂ ಇವೆ, ಹತ್ತೊಂಬತ್ತು ಇರುವವೂ ಇವೆ. ಹಾಗಾಗಿ ಮೊದಲು ಕಾಲು ನೋಡು ಅಂತ ಅವಳಿಗೆ ಹೇಳಿಕೊಟ್ಟೆ. ಹಾರ್ಲೆಕ್ವಿನ್ ಕಾಲು ಸಾಮಾನ್ಯವಾಗಿ ಕಂದು. ಇಲ್ಲಿನದೇ ಜಾತಿಗಳಾದ ಏಳು ಚುಕ್ಕೆಯದಕ್ಕೂ ಎರಡು ಚುಕ್ಕೆಯದಕ್ಕೂ ಕಾಲು ಕಪ್ಪು. ಗಾಜಿನ ಮೇಲೆ ಹತ್ತುವಾಗ ಆಚೆಯಿಂದ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಹಿತ್ತಲಲ್ಲಿ ಏಳು ಚುಕ್ಕೆಯದು ಸಿಕ್ಕಿತು, ಒಣಗಿದ ಲ್ಯಾವೆಂಡರ್ ಬುಡದಲ್ಲಿ. ಅಚ್ಚ ಕೆಂಪು ಬೆನ್ನು. ತಲೆಯ ಹಿಂದಿನ ಕಪ್ಪು ಪಟ್ಟಿಯ ಎರಡೂ ತುದಿಗೆ ಬಿಳಿ ಮಚ್ಚೆ. ಎಷ್ಟು ಚೆಂದ! ಇವು ಚಳಿಗಾಲವನ್ನು ಹೆಚ್ಚಾಗಿ ಹೊರಗೆ, ಒಣ ಎಲೆ ಕಡ್ಡಿಗಳ ಮರೆಯಲ್ಲೇ ಕಳೆಯುತ್ತವೆ. ಅದಕ್ಕೇ ತೋಟ ಪೂರ್ತಿ ಗುಡಿಸಿ ಬೋಳು ಮಾಡಬಾರದು.

ನನಗೆ ಸಂಕಟ ಆಗುವುದು ಎರಡು ಚುಕ್ಕೆಯದನ್ನು ನೆನೆದು. ನಾಲ್ಕೈದು ಮಿಲಿಮೀಟರಿನ ಪುಟ್ಟ ಹುಳು. ಹಾರ್ಲೆಕ್ವಿನ್ ಬಂದ ಮೇಲೆ ಇದರ ಸಂಖ್ಯೆ ಬಹಳ ಇಳಿದಿದೆ. ಆಹಾರಕ್ಕೆ ಪೈಪೋಟಿ ಒಂದು ಕಡೆ, ಮೊಟ್ಟೆ ಮರಿಗಳನ್ನೇ ಅದು ತಿಂದುಬಿಡುವುದು ಇನ್ನೊಂದು ಕಡೆ. ಕಷ್ಟ ಏನೆಂದರೆ, ಎರಡು ಚುಕ್ಕೆಯದರಲ್ಲೂ ಕಪ್ಪು ಮೈಗೆ ಕೆಂಪು ಚುಕ್ಕೆ ಇರುವ ಬಗೆ ಇದೆ. ಹಾರ್ಲೆಕ್ವಿನ್ ಅಂದುಕೊಂಡು ಇದನ್ನೇ ಹೊಸಕಿಬಿಟ್ಟರೆ? ಪಕ್ಕದ ಮನೆಯವರು ಕಪ್ಪು ಹುಳು ಕಂಡರೆ ಸಾಯಿಸುತ್ತೇನೆ ಅಂದಾಗ ಬೇಡವೇ ಬೇಡ ಅಂದೆ. ಚಿಕ್ಕದಿದ್ದು ಕಾಲೂ ಕಪ್ಪಗಿದ್ದರೆ ಅದು ಇಲ್ಲಿಯದೇ ಇರಬಹುದು.

ಸಂಶಯ ಬಂದರೆ ಬೆನ್ನು, ಪಕ್ಕ, ಕಾಲು ಮೂರೂ ಕಾಣುವ ಹಾಗೆ ಫೋಟೋ ತೆಗೆದು, ದಿನಾಂಕ, ಜಾಗ ಬರೆದು ಈ ಹುಳುಗಳು ಎಲ್ಲೆಲ್ಲಿ ಕಂಡವು ಅಂತ ದಾಖಲಿಸುವ ಯುಕೆ ಲೇಡಿಬರ್ಡ್ ಸರ್ವೇಗೆ ಕಳಿಸಬಹುದು. ಲ್ಯಾವೆಂಡರ್ ಬುಡದ್ದನ್ನು ಇವತ್ತೇ ಕಳಿಸಿದೆ.